ಹಲ್ಲಿನ ಚೀನಿ ಹೇಳಿದ ಕಾಯಿಲೆ

ಸಾಗರದಲ್ಲಿ ನಾನು ಸೊಸೆಯಾಗಿ ಹೊಕ್ಕ ಮನೆಯಲ್ಲಿ ಕಾಯಿಲೆಗಳಿಗೆ ಎರಡೇ ಜಾತಿ: ಉಷ್ಣ ಮತ್ತು ಶೀತ. ಕಣ್ಣು ಉರಿದರೆ ಉಷ್ಣ, ಮೂಗು ಸೋರಿದರೆ ಶೀತ. ಹೊಟ್ಟೆ ಕೆಟ್ಟಿತೆಂದರೆ ಹಿಂದಿನ ದಿನ ಏನು ತಿಂದೆ, ಯಾವ ನೀರಲ್ಲಿ ಮಿಂದೆ, ಯಾರ ಮನೆಯಲ್ಲಿ ಮಜ್ಜಿಗೆ ಕುಡಿದೆ ಎಂದು ಅತ್ತೆ ವಿಚಾರಣೆ ನಡೆಸಿ ತೀರ್ಪು ಕೊಡುತ್ತಿದ್ದರು. ಎರಡಕ್ಕೂ ಒಗ್ಗದ್ದು ನಂಜು. ನಂಜಿಗೂ ಒಗ್ಗದಿದ್ದರೆ ದೃಷ್ಟಿ. ಮಾವನ ಬಟ್ಟೆ ಅಂಗಡಿಯಲ್ಲಿ ಸೀರೆ ಒಂದು ಕಡೆ, ಪಂಚೆ ಒಂದು ಕಡೆ ಪೇರಿಸಿಟ್ಟ ಹಾಗೆ ಅತ್ತೆ ಮನೆಮಂದಿಯ ನೋವುಗಳನ್ನೆಲ್ಲ ವಿಂಗಡಿಸಿ ಇಟ್ಟುಬಿಡುತ್ತಿದ್ದರು. ನನಗೆ ನಗು ಬರುತ್ತಿತ್ತು. ಆಗಿನ್ನೂ ನನಗೆ ನಗು ಬರುತ್ತಿದ್ದ ಕಾಲ.

ಅಂಗಡಿ ಕೆಳಗೆ, ಮನೆ ಮೇಲೆ. ಎದುರು ಸಾಲಿನಲ್ಲಿ ಸೈಕಲ್ ಶಾಪಿನ ಪಕ್ಕಕ್ಕೆ ಚೀನೀಯರೊಬ್ಬರು ಹಲ್ಲು ಕಟ್ಟುವ ಅಂಗಡಿ ಇಟ್ಟಿದ್ದರು. ಊರಿನವರ ಬಾಯಲ್ಲಿ ಅವರು ಹಲ್ಲಿನ ಚೀನಿ. ಹುಟ್ಟಿದ್ದು ಕಲ್ಕತ್ತೆಯಲ್ಲಂತೆ, ಕಸುಬು ಕಲಿತದ್ದು ಹುಬ್ಬಳ್ಳಿಯಲ್ಲಂತೆ. ಹೆಂಡತಿ ಮಕ್ಕಳು ಕಲ್ಕತ್ತೆಯಲ್ಲೇ ಇದ್ದರು. ಚೀನಾ ಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತಷ್ಟೆ; ಪೋಲೀಸರ ಅಪ್ಪಣೆಯಿಲ್ಲದೆ ಅವರು ಊರು ಬಿಟ್ಟು ಕದಲುವಂತಿರಲಿಲ್ಲ. ಆಗಾಗ ಠಾಣೆಗೆ ಹೋಗಿ ಮುಖ ತೋರಿಸಿ ಬರಬೇಕಿತ್ತು. ಹಾಗೆಂದು ಹಲ್ಲುನೋವು ಯಾವ ದೇಶದ ಮುಲಾಜನ್ನೂ ಇಟ್ಟುಕೊಳ್ಳುವುದಿಲ್ಲ. ಜೋಗದ ಪವರ್ ಹೌಸಿನ ನೌಕರರು ಚಿನ್ನದ ಕಟ್ಟು ಹಾಕಿಸಲು ಬಸ್ಸು ಹತ್ತಿ ಬರುತ್ತಿದ್ದರು. ಯುದ್ಧದ ಸಮಯದಲ್ಲಿ ಚೀನಿಯ ಬೋರ್ಡಿಗೆ ಸೆಗಣಿ ಬಳಿದವರೂ ದವಡೆ ಊದಿಸಿಕೊಂಡು ಅಲ್ಲಿಗೇ ಬಂದರು ಎಂದು ಮಾವ ಹೇಳಿ ನಗುತ್ತಿದ್ದರು.

ಅತ್ತೆಗೆ ಹಲ್ಲಿನ ಸೆಟ್ಟು ಕಟ್ಟಿಸುವಾಗ ಜೊತೆಗೆ ಹೋಗುತ್ತಿದ್ದವಳು ನಾನು. ಅಚ್ಚು ತೆಗೆದು ಒಣಗುವ ತನಕ ಕಾಯಬೇಕು. ಆಗ ಅವರು ಮಾತಿಗೆ ಕೂರುತ್ತಿದ್ದರು. ಅವರ ತಂದೆ ಹಲ್ಲಿನವರಲ್ಲ, ತಮ್ಮ ಜನರ ಪದ್ಧತಿಯ ವೈದ್ಯರಂತೆ. ಮಗ ಆ ವಿದ್ಯೆಯನ್ನು ಅರ್ಧ ಕಲಿತು ಹೊಟ್ಟೆಪಾಡಿಗೆ ಹಲ್ಲು ಹಿಡಿದಿದ್ದರು. ಅರ್ಧವಾದರೂ ಕಲಿತದ್ದು ಸುಮ್ಮನಿರಲು ಬಿಡಬೇಕಲ್ಲ! ಹಲ್ಲು ತೋರಿಸಲು ಬಾಯಿ ತೆರೆದವರ ನಾಲಿಗೆಯನ್ನೂ ನೋಡಿಬಿಡುತ್ತಿದ್ದರು. ನಾಲಿಗೆ ಬಿಳಿಚಿದೆಯೋ ಕೆಂಪಗಿದೆಯೋ, ಮೇಲೆ ಪೊರೆ ದಪ್ಪಗೆ ಕಟ್ಟಿದೆಯೋ ತೆಳ್ಳಗಿದೆಯೋ, ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದಿದೆಯೋ ಎಂದು. ಹಾಗೆ ಒಮ್ಮೆ ಮಾವನ ನಾಲಿಗೆ ನೋಡಿ, “ಸಾವ್ಕಾರ್ರೆ, ನಿಮ್ದು ಹೊಟ್ಟೇಲಿ ಬೆಂಕಿ ಜಾಸ್ತಿ, ರಾತ್ರಿ ಹುಳಿ ತೇಗು ಬರ್ತದೆ,” ಎಂದಿದ್ದರಂತೆ. ತೇಗು ಬರುತ್ತಿದ್ದದ್ದು ನಿಜ. ಅಂದಿನಿಂದ ನಮ್ಮ ಮನೆಯಲ್ಲಿ ಚೀನಿಯ ಮಾತಿಗೆ ತೂಕ.

ಒಂದು ದಿನ ಅತ್ತೆ ಕೇಳಿದರು, “ನಿಮ್ಮಲ್ಲೂ ಉಷ್ಣ ಶೀತ ಅಂತ ಉಂಟನಾ?”

ಚೀನಿಯವರಿಗೆ ಖುಷಿಯಾಯಿತು. ಉಂಟು, ಆದರೆ ಅದೊಂದೇ ಸಾಲದು ಎಂದರು. ಅವರ ತಂದೆ ರೋಗಿ ಬಂದ ಕೂಡಲೇ ಕಾಯಿಲೆಗೆ ಹೆಸರು ಇಡುತ್ತಿರಲಿಲ್ಲವಂತೆ. ಮೊದಲು ಕೇಳುವುದು, ಇದು ಹೊರಗಿನದೋ ಒಳಗಿನದೋ. ಚರ್ಮದ ಮೇಲೇ ನಿಂತಿದೆಯೋ, ಒಳಮನೆಗೆ ನುಗ್ಗಿದೆಯೋ. ಆಮೇಲೆ ಶೀತವೋ ಉಷ್ಣವೋ. ಆಮೇಲೆ ತುಂಬಿ ಬಂದದ್ದೋ ಬರಿದಾಗಿ ಬಂದದ್ದೋ. “ಚೀಲ ಇದೆ ಅಲ್ವಾ ಅಮ್ಮಾ, ಅಕ್ಕಿ ಜಾಸ್ತಿ ತುಂಬಿದ್ರೆ ಹರೀತದೆ. ಖಾಲಿ ಇದ್ರೆ ನಿಲ್ಲೋದೇ ಇಲ್ಲ, ಬೀಳ್ತದೆ. ಎರಡೂ ಕಾಯಿಲೆನೇ. ಮದ್ದು ಬೇರೆ ಬೇರೆ.” ಕೊನೆಗೆ ಇದೆಲ್ಲ ಕೂಡಿ ಬಿಸಿಲಿನ ಕಡೆಯದೋ ನೆರಳಿನ ಕಡೆಯದೋ ಎಂದು ನೋಡಬೇಕು. ಒಂದೇ ತಲೆನೋವಿನ ಇಬ್ಬರಿಗೆ ಎರಡು ಮದ್ದು ಬರಬಹುದು; ಒಬ್ಬನಿಗೆ ಭೇದಿ, ಇನ್ನೊಬ್ಬಳಿಗೆ ಮುಟ್ಟಿನ ತೊಂದರೆ ಇದ್ದರೂ ಮದ್ದು ಒಂದೇ ಆಗಬಹುದು. ಕಾಯಿಲೆಗಲ್ಲ, ಕಾಯಿಲೆ ಕೂತ ರೀತಿಗೆ ಮದ್ದು ಎಂದರು.

ಹೊರಗಿನಿಂದ ಬರುವ ಕಾರಣಗಳು ಅವರಲ್ಲಿ ಆರು. ಗಾಳಿ, ಚಳಿ, ಬೇಸಗೆಯ ಸೆಕೆ, ತೇವ, ಒಣಹವೆ, ಬೆಂಕಿ. ತೇವ ಎಂದಾಗ ಅತ್ತೆ ಕುರ್ಚಿಯ ಅಂಚಿಗೆ ಸರಿದರು. ಆಗುಂಬೆಯಲ್ಲಿ ತವರಿದ್ದ ಹೆಂಗಸು. ಬಟ್ಟೆ, ಗೋಡೆ, ಮೂಳೆ ಎಲ್ಲಕ್ಕೂ ತೇವ ಹತ್ತುವುದನ್ನು ಕಂಡವರು. “ಹೌದು, ಥಂಡಿ ಬೇರೆ, ತೇವ ಬೇರೆ. ಇದು ನಂಗೆ ಹೊಳೀಲೇ ಇಲ್ಲ ನೋಡಿ,” ಎಂದು ಮನೆಗೆ ಬಂದ ಮೇಲೂ ಹೇಳಿದರು. ಒಳಗಿನಿಂದ ಹುಟ್ಟುವ ಕಾರಣಗಳು ಏಳು ಎಂದು ಅವರು ಹೇಳತೊಡಗಿದಾಗ ಮಾತ್ರ ಅತ್ತೆಯ ಗಮನ ರಸ್ತೆಗೆ ಹೋಯಿತು. ಸಿಟ್ಟು, ಸಂತೋಷ, ಯೋಚನೆ, ದುಃಖ, ಭಯ, ಹೀಗೆ. ಸಿಟ್ಟು ಪಿತ್ತಜನಕಾಂಗದಲ್ಲಿ ಕೂರುತ್ತದೆ, ಭಯ ಮೂತ್ರಪಿಂಡದಲ್ಲಿ, ದುಃಖ ಶ್ವಾಸಕೋಶದಲ್ಲಿ. ಒಂದೊಂದು ಅಂಗಕ್ಕೆ ಒಂದೊಂದು ಕಾಲ, ಒಂದೊಂದು ರುಚಿ, ಒಂದೊಂದು ದನಿ. ಪಿತ್ತಜನಕಾಂಗದ ದನಿ ಕೂಗಾಟ, ಶ್ವಾಸಕೋಶದ ದನಿ ಅಳು. ಆದರೆ ಈ ಅಂಗಗಳೆಂದರೆ ಕುರಿ ಕೊಯ್ದಾಗ ಕಾಣುವ ಮಾಂಸದ ತುಂಡುಗಳಲ್ಲ, ಅವು ಕೆಲಸಗಳ ಹೆಸರು ಎಂದು ಅವರು ಬಿಡಿಸಿ ಹೇಳಿದರು. ಅತ್ತೆ ಅದನ್ನು ಕೇಳಿಸಿಕೊಳ್ಳಲಿಲ್ಲ. ರಸ್ತೆಯಲ್ಲಿ ಯಾರೋ ಪರಿಚಯದವರು ಹೋಗುತ್ತಿದ್ದರು.

ಅತ್ತೆ ಅಂದು ಆ ಒಂದು ಮಾತು ಕೇಳಿಸಿಕೊಂಡಿದ್ದರೆ ಎಂದು ನಾನು ಈ ವಯಸ್ಸಿನಲ್ಲೂ ಅಂದುಕೊಳ್ಳುತ್ತೇನೆ. ಕೇಳಿಸಿಕೊಂಡಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂಬುದೂ ನನಗೆ ಗೊತ್ತು.

ನನಗೆ ಮೊದಲೇ ಒಬ್ಬಳು ಮಗಳಿದ್ದಳು. ನಾಲ್ಕು ತುಂಬುತ್ತಾ ಬಂದಿತ್ತು. ಬಾಯಿಬಡುಕಿ, ಜಡೆ ಹಾಕಿಸಿಕೊಳ್ಳಲು ದಿನಾ ಜಗಳ. ಅವಳ ಮೇಲೆ ಗಂಡುಮಗು ಹುಟ್ಟಿ, ಮೂರನೇ ತಿಂಗಳಿಗೆ ಜ್ವರ ಬಂದು ಹೋಯಿತು. ಹಲ್ಲು ಬಾರದ ಮಗುವಿಗೆ ಸುಡುವ ಸಂಸ್ಕಾರವಿಲ್ಲ. ಮಾವ ಮತ್ತು ನನ್ನ ಗಂಡ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಹೂತು, ಸ್ನಾನ ಮಾಡಿ, ಮಧ್ಯಾಹ್ನ ಅಂಗಡಿ ತೆರೆದರು. ಸೂತಕವೂ ಹೆಚ್ಚಿಗೆ ಇಲ್ಲ, ತಿಥಿಯೂ ಇಲ್ಲ. ಅಂಥ ಮಗುವಿಗೆ ತಾಯಿ ಅಳಬಾರದು ಎಂಬುದು ಆ ಮನೆಯ ಕಟ್ಟಳೆ. ಅತ್ತರೆ ಮುಂದಿನದು ನಿಲ್ಲುವುದಿಲ್ಲ, ಎದೆಹಾಲು ತಲೆಗೇರುತ್ತದೆ ಎನ್ನುತ್ತಿದ್ದರು. ನನ್ನ ಎದೆಗೆ ಮಲ್ಲಿಗೆ ಹೂವು ಕಟ್ಟಿ ಹಾಲು ಇಂಗಿಸಿದರು. ಅತ್ತೆ ಪಕ್ಕದಲ್ಲೇ ಕೂತು, ನನ್ನ ಮುಖ ಮುದುಡಿದಾಗಲೆಲ್ಲ, “ನುಂಗು, ನುಂಗ್ಕೋ,” ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಅವರೂ ಎರಡು ಮಕ್ಕಳನ್ನು ಹಾಗೇ ನುಂಗಿಕೊಂಡವರು. ನನಗೆ ಮಾತ್ರ ಅವರ ಕೈಗೆ ಕಚ್ಚಬೇಕು ಎನ್ನಿಸುತ್ತಿತ್ತು.

ನುಂಗಿದೆ. ಸ್ವಲ್ಪ ದಿನಕ್ಕೆ ಕೆಮ್ಮು ಶುರುವಾಯಿತು. ಒಣ ಕೆಮ್ಮು, ಕಫವಿಲ್ಲ. ಊಟ ಸೇರದು. ರವಿಕೆಗಳು ದೊಗಲೆಯಾದವು. ಅತ್ತೆ ಶೀತವೆಂದು ಕಾಳುಮೆಣಸಿನ ಕಷಾಯ ಕುಡಿಸಿದರು, ಗುಣವಾಗದಾಗ ಉಷ್ಣವೆಂದು ತೀರ್ಪು ತಿರುಗಿಸಿ ಎಳನೀರು ಕುಡಿಸಿದರು, ನಂಜೆಂದು ಪಥ್ಯ ಹಿಡಿಸಿದರು, ಕೊನೆಗೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಆ ಘಾಟಿಗೆ ಕೆಮ್ಮು ಇನ್ನೂ ಹೆಚ್ಚಾಯಿತು. ಅವರ ಲೆಕ್ಕದ ಮನೆಗಳೆಲ್ಲ ಮುಗಿದವು, ನಾನು ಯಾವುದರಲ್ಲೂ ಕೂರಲಿಲ್ಲ.

ಆಗ ನನ್ನ ದವಡೆ ಹಲ್ಲೊಂದು ಅಲುಗಾಡತೊಡಗಿತು. ಬಸಿರು ಬಾಣಂತನದಲ್ಲಿ ಹೆಂಗಸರ ಹಲ್ಲು ಹೋಗುವುದು ಹೊಸದೇನಲ್ಲ. ಅತ್ತೆ ನನ್ನನ್ನು ಎದುರು ಸಾಲಿಗೆ ಕರೆದುಕೊಂಡು ಹೋದರು. ಚೀನಿಯವರು ಕಿಟಕಿಯ ಕಡೆಗೆ ಕುರ್ಚಿ ತಿರುಗಿಸಿ, ನನ್ನ ಬಾಯಿ ನೋಡಿ, ಹಲ್ಲಿನ ವಿಷಯ ಬಿಟ್ಟು ನಾಲಿಗೆ ಚಾಚಲು ಹೇಳಿದರು. ಅತ್ತೆಯ ಅಪ್ಪಣೆ ಕೇಳಿ ಎರಡೂ ಮಣಿಕಟ್ಟು ಹಿಡಿದು ಮೂರು ಬೆರಳಿಟ್ಟು ಬಹಳ ಹೊತ್ತು ಕೂತರು. ಕೆಮ್ಮು ಯಾವಾಗ, ನಿದ್ದೆ ಹೇಗೆ, ನಿಟ್ಟುಸಿರು ಬರುತ್ತದೆಯೇ ಎಂದು ಕೇಳಿದರು. ನಾನು ಮೆಲ್ಲಗೆ ಉತ್ತರ ಕೊಟ್ಟೆ. ಆಮೇಲೆ ಅವರು ಕೇಳಿದ ಪ್ರಶ್ನೆಯನ್ನು ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ.

“ಮಗು ಹೋದಾಗ ಅತ್ತಿದ್ರಾ?”

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ, “ನಮ್ಮಲ್ಲಿ ಅಳಬಾರ್ದು,” ಎಂದರು.

ಅವರು ನನ್ನ ಕೈ ಬಿಟ್ಟು, ತಮ್ಮದೇ ಎದೆಯ ಮೇಲೆ ಅಂಗೈಯಿಟ್ಟು ಹೇಳಿದರು. “ಇಲ್ಲಿ ಕೂತಿದೆ. ಶ್ವಾಸಕೋಶ. ಒಳಗಿಂದು ಕಾಯಿಲೆ, ಖಾಲಿ ಆಗಿ ಬಂದಿದ್ದು. ದುಃಖದ್ದು. ಅಳು ಬರೋ ದಾರಿ ಮುಚ್ಚಿದ್ರಿ, ಕೆಮ್ಮು ಬಂತು.”

ನನಗೆ ಏನಾಯಿತೆಂದು ಹೇಳಲಾರೆ. ಮೈಮೇಲಿಂದ ಒಂದು ಭಾರದ ಕಂಬಳಿ ಯಾರೋ ಎತ್ತಿದ ಹಾಗಾಯಿತು. ನನ್ನ ಮಗು ಸತ್ತದ್ದನ್ನು ಒಂದು ಕಾರಣವೆಂದು ಎಣಿಸುವವರು ಭೂಮಿಯ ಮೇಲೆ ಒಬ್ಬರಾದರೂ ಇದ್ದರು! ಗಾಳಿ, ಚಳಿ, ತೇವಗಳ ಸಾಲಿನಲ್ಲಿ ದುಃಖಕ್ಕೂ ಒಂದು ಜಾಗವಿತ್ತು. ನಾನು ಆ ಕುರ್ಚಿಯಲ್ಲೇ ಅಳಲು ಶುರು ಮಾಡಿದೆ. ಅಳು ಬಂತು, ಅದರ ಬೆನ್ನಿಗೇ ಕೆಮ್ಮೂ ಬಂತು. ಅತ್ತೆ ತಟಕ್ಕನೆ ಎದ್ದು ಸೆರಗನ್ನು ಮೂಗಿಗೆ ಹಿಡಿದರು. ಅವರಿಗೆ ಬೇಕಾದದ್ದು ಸಿಕ್ಕಿತ್ತು. ಕೆಮ್ಮು, ಮೈ ಇಳಿದದ್ದು, ಶ್ವಾಸಕೋಶ. ಇನ್ನು ಹೇಳುವುದು ಏನಿದೆ?

ಮನೆಗೆ ಹೋದವರೇ ಮಾವನನ್ನು ಕರೆದು, “ಇವ್ಳಿಗೆ ಕ್ಷಯ. ಚೀನಿನೇ ಹೇಳಿದ,” ಎಂದರು.

ಚೀನಿ ಕ್ಷಯವೆಂಬ ಶಬ್ದವನ್ನೇ ಎತ್ತಿರಲಿಲ್ಲ. ನಾನು ಹಾಗೆಂದೆ. ಮಾವ, “ಶ್ವಾಸಕೋಶದ ಕಾಯಿಲೆಗೆ ಬೇರೆ ಎಂತ ಹೆಸ್ರು ಉಂಟು ಹೇಳು ನೋಡಾಣ,” ಎಂದರು. ಅವರ ಲೆಕ್ಕದಲ್ಲಿ ತಪ್ಪೂ ಇರಲಿಲ್ಲ. ನಮ್ಮ ಕಡೆ ಶ್ವಾಸಕೋಶ ಎಂದರೆ ಒಂದೇ ಕಾಯಿಲೆ. ಆ ಕಾಯಿಲೆಯಿಂದ ಸತ್ತವರನ್ನು ಅವರೂ ಕಂಡಿದ್ದರು, ನಾನೂ ಕಂಡಿದ್ದೆ. ಆ ದಿನವೇ ನನ್ನ ತಟ್ಟೆ, ಲೋಟ ಬೇರೆಯಾದವು. ಹಾಸಿಗೆ ಹಿತ್ತಿಲ ಚಾವಡಿಗೆ ಹೋಯಿತು. ಅಂಗಡಿಗೆ ಬರುವ ಗಿರಾಕಿಗಳಿಗೆ ನನ್ನ ಕೆಮ್ಮು ಕೇಳಿಸಬಾರದಿತ್ತು, ಕ್ಷಯದ ಮನೆಯ ಬಟ್ಟೆ ಯಾರು ಕೊಳ್ಳುತ್ತಾರೆ? ಮಗಳನ್ನು ನನ್ನ ಹತ್ತಿರ ಬಿಡಲಿಲ್ಲ. ಅವಳು ಬಾಗಿಲ ಬಳಿ ನಿಂತು, “ಅಮ್ಮಾ, ನೀ ಎಂತಕ್ಕೆ ಅಲ್ಲಿದ್ದೀ?” ಎಂದು ಕೇಳುತ್ತಿದ್ದಳು. ಯಾರಾದರೂ ಬಂದು ಎತ್ತಿಕೊಂಡು ಹೋಗುತ್ತಿದ್ದರು.

ನನ್ನ ಗಂಡನ ಬಗ್ಗೆ ಬರೆಯಬೇಕೆಂದರೆ ಬರೆಯಲು ಏನೂ ಸಿಗುವುದಿಲ್ಲ. ಅಪ್ಪ ಅಮ್ಮ ಉಷ್ಣವೆಂದರೆ ಉಷ್ಣ, ಶೀತವೆಂದರೆ ಶೀತ. “ಗುಣ ಆಗೋ ತನಕ ಹೊಸನಗರದಲ್ಲಿರು,” ಎಂದು ಬಸ್ ಸ್ಟ್ಯಾಂಡಿಗೆ ಬಂದು ಹೇಳಿದರು. ಮಗಳು? ಎಂದೆ. “ಅವ್ಳಿಗೆ ಅಂಟಿದ್ರೆ?” ಎಂದರು. ನಾನು ಬಸ್ಸು ಹತ್ತಿದೆ.

ನನ್ನ ಅಪ್ಪ ಹೊಸನಗರದಲ್ಲಿ ಖಾಸಗಿ ಬಸ್ಸಿನ ಏಜೆಂಟರಾಗಿದ್ದರು. ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ಏರತೊಡಗಿದ್ದ ಕಾಲ. ಹಳೆಯ ರಸ್ತೆಗಳು ಮುಳುಗಿ ಬಸ್ಸುಗಳು ಸುತ್ತುಹಾಕಿ ಬರುತ್ತಿದ್ದವು, ಅಪ್ಪನಿಗೆ ದಿನವಿಡೀ ಜನರ ಬೈಗುಳ. ನನ್ನನ್ನು ಕಂಡ ಕೂಡಲೇ ಅವರು ಹೇಳಿದ್ದು, “ಕ್ಷಯ ಅಲ್ಲ ಅಂತ ಯಾರ ಬಾಯಿಂದಾದ್ರೂ ಹೇಳ್ಸೋಣ. ಆಮೇಲೆ ಮಗೂನ ಕರ್ಕೊಂಡು ಬರೋಣ.” ಅಪ್ಪನಿಗೆ ಅದು ಟಿಕೇಟಿನ ತಕರಾರಿನ ಹಾಗೆ, ಸರಿಯಾದ ಮನುಷ್ಯ ಸಹಿ ಹಾಕಿದರೆ ಬಗೆಹರಿಯುವಂಥದ್ದು. ನಾನೂ ಅದನ್ನೇ ನಂಬಿದೆ. ನಂಬದೆ ಬದುಕುವುದು ಹೇಗೆ?

ಮೊದಲು ತೀರ್ಥಹಳ್ಳಿಗೆ ಹೋದೆವು. ಅಲ್ಲಿ ಹೆಸರಾದ ಪಂಡಿತರಿದ್ದರು, ಆಯುರ್ವೇದ ಓದಿದ ವೃದ್ಧರು. ಅವರೂ ನಾಡಿ ನೋಡಿದರು, ನಾಲಿಗೆ ನೋಡಿದರು. ಮಗುವಿನ ವಿಷಯವನ್ನು ಅಪ್ಪ ಹೇಳಿದರು. ಪಂಡಿತರು ಕಣ್ಣು ಮುಚ್ಚಿ ಒಂದು ಶ್ಲೋಕ ಹೇಳಿ, “ಇದು ಶೋಷ ಮಾರಾಯ್ರೆ. ಶೋಕದಿಂದ ಬಂದ ಶೋಷ. ದುಃಖ ಮೈಯನ್ನ ಒಣಗಿಸ್ತದೆ,” ಎಂದರು.

ನಾನು ಬೆಚ್ಚಿಬಿದ್ದೆ. ಸಮುದ್ರದಾಚೆಯ ವೈದ್ಯನ ಮಗ ಹೇಳಿದ್ದನ್ನೇ ತುಂಗಾ ತೀರದ ಪಂಡಿತರು ಹೇಳುತ್ತಿದ್ದರು. ಅಪ್ಪ ಆಸೆಯಿಂದ, “ಹಾಗಾದ್ರೆ ಅಂಟೋದಲ್ಲ ಅಲ್ವಾ?” ಎಂದರು.

“ದುಃಖ ಅಂಟ್ತದಾ? ಅಂಟೋದಾದ್ರೆ ಊರಿಗೆ ಊರೇ ಮಲಗ್ತಿತ್ತು.”

ಅಪ್ಪ ಅದನ್ನು ಬಾಯಿಪಾಠ ಮಾಡಿಕೊಂಡು ಸಾಗರಕ್ಕೆ ಹೋದರು. ಸಂಜೆ ಹಿಂದಿರುಗಿದಾಗ ಅವರ ಮುಖದಲ್ಲಿ ಜೀವವಿರಲಿಲ್ಲ. ಮಾವ ಅವರ ಮಾತು ಕೇಳಿ, ತಮ್ಮ ಮನೆಯ ವೈದ್ಯರನ್ನು ಅಂಗಡಿಗೇ ಕರೆಸಿದರಂತೆ. ಶೋಷ ಎಂದರೇನೆಂದು ಕೇಳಿದರಂತೆ. ಶೋಷವೂ ಕ್ಷಯವೂ ಗ್ರಂಥದಲ್ಲಿ ಒಂದೇ ಅಧ್ಯಾಯದಲ್ಲಿ ಬರುತ್ತವೆ, ಒಂದೇ ಮನೆತನದವು ಎಂದು ಆ ವೈದ್ಯರು ಹೇಳಿದರಂತೆ. ಅದೂ ನಿಜವೇ. ಯಾವ ಕಾಲದ ಪುಣ್ಯಾತ್ಮನೋ, ದುಃಖದಿಂದ ಒಣಗುವವರನ್ನು ಎಲ್ಲಿ ಕೂರಿಸುವುದೆಂದು ತಿಳಿಯದೆ ಕ್ಷಯದವರ ಪಕ್ಕದಲ್ಲಿ ಒಂದು ಮಣೆ ಹಾಕಿಬಿಟ್ಟಿದ್ದ. ನನ್ನ ಮಗಳು ಆ ಮಣೆಯ ಕಾರಣಕ್ಕೆ ಸಾಗರದಲ್ಲೇ ಉಳಿದಳು.

ಇನ್ನು ಉಳಿದದ್ದು ಶಿವಮೊಗ್ಗದ ಎಕ್ಸರೇ. ತಣ್ಣನೆಯ ತಗಡಿಗೆ ಎದೆಯೊತ್ತಿ, ಉಸಿರು ಹಿಡಿ ಎಂದಾಗ ಹಿಡಿದೆ, ಬಿಡು ಎಂದಾಗ ಬಿಟ್ಟೆ. ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು, “ಏನೂ ಇಲ್ಲ, ಕ್ಲಿಯರಿದೆ,” ಎಂದರು. ಅಪ್ಪ ಕೈಮುಗಿದರು. ನಾನು ಕೇಳಿದೆ, ಹಾಗಾದರೆ ನನಗೆ ಏನಾಗಿದೆ? “ಏನೂ ಆಗಿಲ್ಲಮ್ಮ. ಚೆನ್ನಾಗಿ ಊಟ ಮಾಡಿ,” ಎಂದರು. ಅವರದೂ ಒಂದು ವಿಂಗಡಣೆ. ಫೋಟೋದಲ್ಲಿ ಕಾಣುವುದು, ಕಾಣದ್ದು. ನಾನು ಎರಡನೆಯದಕ್ಕೆ ಸೇರಿದೆ. ಬೇಸರವಾಗಲಿಲ್ಲ. ಅಂದು ನನಗೆ ಬೇಕಾದದ್ದು ಆ ‘ಏನೂ ಇಲ್ಲ’ ಒಂದೇ.

ಫೋಟೋ ಹಿಡಿದುಕೊಂಡು ಅಪ್ಪ ಮತ್ತು ನಾನು ಸಾಗರಕ್ಕೆ ಹೋದೆವು. ಬೆಳಗಿನ ಹೊತ್ತು, ಅಂಗಡಿಯಲ್ಲಿ ಒಂದಿಬ್ಬರು ಗಿರಾಕಿಗಳಿದ್ದರು. ನನ್ನನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿದರು. ಮಾವ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ಸೀರೆಯ ಅಂಚು ನೋಡಿದ ಹಾಗೆ ನೋಡಿ, “ಶುರುವಿನಲ್ಲಿ ಇದ್ರಲ್ಲಿ ಕಾಣೋದಿಲ್ವಂತೆ,” ಎಂದರು. ಮೇಲಿನ ಮನೆಯಿಂದ ನನ್ನ ಮಗಳ ದನಿ ಕೇಳಿಸುತ್ತಿತ್ತು. ಜಡೆ ಬಿಗಿಯಾಯಿತೆಂದು ಯಾರ ಹತ್ತಿರವೋ ರಗಳೆ ಮಾಡುತ್ತಿದ್ದಳು.

ಅಪ್ಪ ರಸ್ತೆ ದಾಟಿ ಹೋಗಿ ಚೀನಿಯವರನ್ನು ಕರೆತಂದರು. ಪಾಪ, ಅವರಿಗೆ ಬರಲು ಇಷ್ಟವಿರಲಿಲ್ಲ. ತಮ್ಮ ಒಂದು ಮಾತಿನಿಂದ ಏನಾಗಿದೆಯೆಂದು ಅವರಿಗೆ ಗೊತ್ತಾದದ್ದೇ ಆಗ. ಮೆಟ್ಟಿಲ ಮೇಲೆ ನಿಂತು, ಕೈಯಲ್ಲಿದ್ದ ಬಟ್ಟೆಯ ಚೂರಿಗೆ ಮತ್ತೆಮತ್ತೆ ಬೆರಳು ಒರೆಸಿಕೊಳ್ಳುತ್ತಾ ಅವರು ಹೇಳಿದರು.

“ಸಾವ್ಕಾರ್ರೆ, ನಾನು ಹೇಳಿದ್ದು ಆ ಶ್ವಾಸಕೋಶ ಅಲ್ಲ. ಡಾಕ್ಟರ್ ಫೋಟೋ ತೆಗೀತಾರಲ್ಲ, ಅದಲ್ಲ. ನಮ್ಮಲ್ಲಿ ಶ್ವಾಸಕೋಶ ಅಂದ್ರೆ ದುಃಖ ಇರೋ ಮನೆ. ಮಗು ಹೋಯ್ತು, ದುಃಖ ಆಯ್ತು, ಅಷ್ಟೇ. ಇದು ಯಾರಿಗೂ ಬರೋದಿಲ್ಲ. ಮಗಳನ್ನ ಹತ್ರ ಬಿಡಿ. ಅದೇ ಅವ್ರಿಗೆ ಮದ್ದು.”

“ಅವತ್ತು ಶ್ವಾಸಕೋಶ ಅಂದಿದ್ದು ನೀನೇ. ಇವತ್ತು ಅಲ್ಲ ಅನ್ನೋದೂ ನೀನೇ,” ಎಂದರು ಮಾವ. ಅದುವರೆಗೆ ನೀವು ಎನ್ನುತ್ತಿದ್ದವರು ನೀನು ಎಂದದ್ದನ್ನು ನಾನು ಗಮನಿಸಿದೆ. “ಏಜೆಂಟ್ರು ಎಂತ ಹೇಳಿಕೊಟ್ಟಿದ್ದಾರೆ ನಿಂಗೆ?”

ಪಂಚೆ ನೋಡುತ್ತಿದ್ದ ಗಿರಾಕಿಯೊಬ್ಬರು ತಲೆಯೆತ್ತದೆ, “ಚೀನೀಯರ ಮಾತು ನಂಬಿದ್ದಕ್ಕೇ ಅಲ್ವಾ ದೇಶಕ್ಕೆ ಹಂಗಾಗಿದ್ದು,” ಎಂದರು. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರೋ ಇಲ್ಲವೋ ನನಗೆ ಕಾಣಲಿಲ್ಲ. ಗಜಕೋಲು ಹಿಡಿದು ಬೆನ್ನು ತಿರುಗಿಸಿ ನಿಂತಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಅದೇ ನಾಲಿಗೆ, ಅದೇ ಮನುಷ್ಯ. ನನ್ನನ್ನು ಹೊರಹಾಕಲು ಅವನ ಮಾತು ವೇದ; ಒಳಗೆ ಕರೆದುಕೊಳ್ಳಲು ಶತ್ರುವಿನ ಮಾತು. ನಾನು ಮೆಟ್ಟಿಲ ಕೆಳಗಿಂದಲೇ, “ನಿಮ್ಮ ತೇಗಿಗೆ ಮಾತ್ರ ಅವರು ವೈದ್ಯರಾ?” ಎಂದು ಕೂಗಿದೆ. ಕೂಗಬಾರದಿತ್ತು. ಕೂಗಿದ್ದಕ್ಕೆ ಕೆಮ್ಮು ಬಂತು. ರಸ್ತೆಯ ಮೇಲೆ, ಎಲ್ಲರ ಎದುರಿಗೆ, ನಿಲ್ಲದ ಕೆಮ್ಮು. ಗಿರಾಕಿಗಳು ಪಂಚೆಯನ್ನು ಅಲ್ಲೇ ಬಿಟ್ಟು ಇಳಿದು ಹೋದರು. ಮಾವ ಇನ್ನು ಏನೂ ಹೇಳುವ ಅಗತ್ಯವಿರಲಿಲ್ಲ. ಅಪ್ಪ ನನ್ನ ತೋಳು ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಆಮೇಲಿನದನ್ನು ಹೆಚ್ಚು ಬೆಳೆಸಲು ನನಗೆ ಮನಸ್ಸಿಲ್ಲ. ಕಾನೂನು ಒಪ್ಪದಿದ್ದರೂ ಒಂದು ದೇವಸ್ಥಾನದಲ್ಲಿ ನನ್ನ ಗಂಡನಿಗೆ ಇನ್ನೊಂದು ಮದುವೆಯಾಯಿತು. ಕ್ಷಯದ ಹೆಂಡತಿಯಿದ್ದವನೆಂದು ಜನ ಅಯ್ಯೋ ಎಂದರು, ಅವರಿಗೆ. ಚೀನಿಯವರು ಅಪ್ಪಣೆ ಸಿಕ್ಕಿ ಕಲ್ಕತ್ತೆಗೆ ಹೋದರೆಂದು ಕೇಳಿದೆ. ಅವರಿಗೂ ಶ್ವಾಸಕೋಶದಲ್ಲಿ ಏನಾದರೂ ಕೂತಿತ್ತೇನೋ, ಯಾರು ಕೇಳಿದರು. ನನ್ನ ಕೆಮ್ಮು ತಾನಾಗಿ ಬಂದ ಹಾಗೆ ತಾನಾಗಿ ನಿಂತಿತು. ಹೊಸನಗರದಲ್ಲಿ ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಾ ಮೈಕೈ ತುಂಬಿಕೊಂಡೆ. ಕ್ಷಯದ ರೋಗಿ ದಪ್ಪಗಾದದ್ದನ್ನು ಕಂಡವರಿದ್ದಾರೆಯೇ? ಆದರೂ ಹೆಸರು ಹೋಗಲಿಲ್ಲ. ಕಾಯಿಲೆಗೆ ಮದ್ದಿರುತ್ತದೆ, ಹೆಸರಿಗೆ ಇರುವುದಿಲ್ಲ. ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆ ಮನುಷ್ಯ ನನ್ನ ನಾಲಿಗೆ ನೋಡದೆ ಹಲ್ಲು ಮಾತ್ರ ಕಿತ್ತು ಕಳಿಸಿದ್ದರೆ, ನಾನು ಅತ್ತೆಯ ಮನೆಯಲ್ಲಿ ಯಾವ ಜಾತಿಗೂ ಸೇರದ ಕೆಮ್ಮನ್ನು ಕೆಮ್ಮುತ್ತಾ ಮಗಳ ಜಡೆ ಹಾಕಿಕೊಂಡು ಇರುತ್ತಿದ್ದೆ. ನನ್ನ ದುಃಖವನ್ನು ಗುರುತಿಸಿದ ಒಬ್ಬರೇ ಒಬ್ಬರಿಂದ ನನಗೆ ಈ ಗತಿ ಬಂತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ, ಮಾಡಿಕೊಳ್ಳದಿರಲೂ ಆಗುವುದಿಲ್ಲ.

ಮಗಳನ್ನು ಮತ್ತೆ ಹತ್ತಿರದಿಂದ ಕಂಡದ್ದು ಅಪ್ಪ ತೀರಿಕೊಂಡಾಗ. ವೈಕುಂಠದ ಊಟಕ್ಕೆ ನನ್ನ ಗಂಡ ಅವಳನ್ನು ಕರೆದುಕೊಂಡು ಬಂದರು. ಅಷ್ಟಾದರೂ ದಾಕ್ಷಿಣ್ಯವಿತ್ತು. ಅವಳು ಸ್ಕೂಲಿಗೆ ಹೋಗುವ ಹುಡುಗಿಯಾಗಿದ್ದಳು. ನನ್ನ ಮೂಗು, ನನ್ನ ಗಲ್ಲ. ಹಸಿರು ಲಂಗ ಹಾಕಿಕೊಂಡು ಜಗಲಿಯ ಕಂಬದ ಹತ್ತಿರ ನಿಂತಿದ್ದಳು. ನಾನು ಕರೆದೆ. ಅವಳು ತನ್ನ ಅಪ್ಪನ ಮುಖ ನೋಡಿದಳು, ಅವರು ಹೋಗು ಎಂಬಂತೆ ತಲೆಯಾಡಿಸಿದರು. ಬಂದಳು. ಹೆದರಲಿಲ್ಲ, ಅಳಲಿಲ್ಲ, ಓಡಲಿಲ್ಲ, ನೇರ ಬಂದು ನನ್ನ ಎದುರು ನಿಂತಳು. ನನ್ನ ಎದೆ ಒಡೆದುಹೋಗುತ್ತದೇನೋ ಎನ್ನಿಸಿ ಅವಳನ್ನು ಬಾಚಿ ತಬ್ಬಿಕೊಂಡೆ. ಅವಳ ಕೂದಲಲ್ಲಿ ಸೀಗೆಯ ವಾಸನೆಯಿತ್ತು. ಹಾಗೇ ಇರಬೇಕು, ಸಾಯುವ ತನಕ ಹಾಗೇ ಇರಬೇಕು ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ನನಗೆ ಏನೋ ಸರಿಯಿಲ್ಲವೆನ್ನಿಸಿತು. ನನ್ನ ಎದೆಗೆ ಒತ್ತಿಕೊಂಡಿದ್ದ ಅವಳ ಎದೆ ಅಲುಗಾಡುತ್ತಿರಲಿಲ್ಲ. ಮುಖ ನೋಡಿದೆ. ತುಟಿ ಗಟ್ಟಿಯಾಗಿ ಮುಚ್ಚಿತ್ತು, ಕೆನ್ನೆ ಉಬ್ಬಿತ್ತು, ಕಣ್ಣಲ್ಲಿ ನೀರು ತುಂಬುತ್ತಿತ್ತು. ನಾನು ಮುಟ್ಟಿದಾಗ ಉಸಿರು ಎಳೆಯಬಾರದೆಂದು ಅವಳಿಗೆ ಹೇಳಿಕೊಟ್ಟು ಕಳಿಸಿದ್ದರು. ಮಾತು ಕೇಳುವ ಹುಡುಗಿ, ಪಾಪ, ಬಿಗಿಹಿಡಿದುಕೊಂಡೇ ನಿಂತಿದ್ದಳು.

ನಾನು ಕೈ ಬಿಟ್ಟೆ. ಅವಳು ಅಂಗಳದ ತನಕ ಓಡಿಹೋಗಿ ಉಸಿರು ಬಿಟ್ಟಳು.